ಗಾರ್ಡ್ ಬಿಚ್ಚಿದ ದಿನವೇ ಆಯಿಲ್ ಎಲ್ಲಾ ಬದಲಿಸಿ: ಸ್ಕಿಡ್ ಪ್ಲೇಟ್ ಇರುವ ಜೀಪಿಗೆ ಮನೆಯಲ್ಲೇ ಸರ್ವಿಸ್

ಸ್ಕಿಡ್ ಪ್ಲೇಟ್, ಅಂದರೆ ಕಲ್ಲಿನ ಏಟು ತಡೆಯಲು ಗಾಡಿಯ ಅಡಿಗೆ ಕಟ್ಟುವ ದಪ್ಪ ತಗಡಿನ ಗಾರ್ಡ್, ಹಾಕಿಸಿದ ಗಾಡಿಗಳಲ್ಲಿ ಸಮಯಕ್ಕೆ ಸರಿಯಾಗಿ ಬದಲಾಗೋದು ಇಂಜಿನ್ ಆಯಿಲ್ ಒಂದೇ. ಯಾಕಂದ್ರೆ ಚೇಂಬರಿನ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿಯ) ಡ್ರೈನ್ ಪ್ಲಗ್‌ಗೆ ನೇರವಾಗಿ ಪ್ಲೇಟಿನಲ್ಲಿ ಒಂದು ತೂತು ಬಿಟ್ಟಿರುತ್ತಾರೆ. ಗಿಯರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಮುಂದಿನ ಡಿಫರೆನ್ಷಿಯಲ್‌ಗೆ ಆ ಭಾಗ್ಯ ಇಲ್ಲ. (ಟ್ರಾನ್ಸ್‌ಫರ್ ಕೇಸ್ ಅಂದರೆ ಇಂಜಿನ್ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ; ಡಿಫರೆನ್ಷಿಯಲ್ ಅಂದರೆ ಆ ಬಲವನ್ನು ಎಡಗಡೆ, ಬಲಗಡೆ ಚಕ್ರಗಳಿಗೆ ಹಂಚುವ ಗಿಯರ್ ಗುಂಪು.) ಅವುಗಳ ಕೆಳಗಿನ ಪ್ಲೇಟ್ ಬಿಚ್ಚಬೇಕು, ಬೋಲ್ಟು ಹಿಡಿದುಕೊಂಡಿರುತ್ತದೆ, ಮೈಮೇಲೆ ಮಣ್ಣು ಬೀಳುತ್ತದೆ. ಹಾಗಾಗಿ ನಾವೂ ಮುಂದೂಡುತ್ತೇವೆ, ಮೆಕ್ಯಾನಿಕ್ಕೂ ಮುಂದೂಡುತ್ತಾನೆ.

ಇದಕ್ಕೆ ನನ್ನ ಪರಿಹಾರ ಸರಳ. ವರ್ಷಕ್ಕೆ ಒಂದು ದಿನ ಇಟ್ಟುಕೊಳ್ಳಿ. ಆ ದಿನ ಪ್ಲೇಟುಗಳನ್ನೆಲ್ಲ ಇಳಿಸಿ, ಒಳಗಿರುವುದನ್ನೆಲ್ಲ ನೋಡಿ, ಬದಲಿಸಬೇಕಾದ ಆಯಿಲ್ಲನ್ನೆಲ್ಲ ಬದಲಿಸಿ ಮತ್ತೆ ಕಟ್ಟಿ. ಒಂದೊಂದು ಆಯಿಲ್‌ಗೂ ಒಂದೊಂದು ಸಲ ಪ್ಲೇಟ್ ಬಿಚ್ಚುವ ತಾಳ್ಮೆ ಯಾರಿಗೂ ಇರಲ್ಲ. ಮಲೆನಾಡು, ಕೊಡಗಿನ ಕಡೆ ಗಾಡಿ ಓಡಿಸುವವರಿಗೆ ಮಳೆ ನಿಂತ ಮೇಲೆ, ಅಕ್ಟೋಬರ್ ಕೊನೆ ಅಥವಾ ನವೆಂಬರ್ ಒಳ್ಳೆ ಕಾಲ. ನಾಲ್ಕು ತಿಂಗಳು ಹಳ್ಳ ದಾಟಿದ ಗಾಡಿಯ ಹೌಸಿಂಗ್ (ಡಿಫರೆನ್ಷಿಯಲ್ ಕೂತಿರುವ ಕವಚ) ಒಳಗೆ ನೀರು ಹೋಗಿದ್ದರೆ ಅದನ್ನು ಬೇಸಿಗೆವರೆಗೆ ಅಲ್ಲೇ ಬಿಡುವುದು ಬೇರಿಂಗ್‌ಗೆ ಒಳ್ಳೆಯದಲ್ಲ.

ಇಲ್ಲಿ ಹೇಳುತ್ತಿರುವುದು ಥಾರ್, ಜಿಮ್ನಿ, ಜಿಪ್ಸಿ ತರಹದ ಚಾಸಿ ಇರುವ, ಮ್ಯಾನುಯಲ್ ಗಿಯರಿನ ಗಾಡಿಗಳಿಗೆ. ಆಟೋಮ್ಯಾಟಿಕ್ ಗಿಯರ್ ಬಾಕ್ಸಿನ ಆಯಿಲ್ಲನ್ನು ಮನೆಯಲ್ಲಿ ಮುಟ್ಟಬೇಡಿ ಅಂತಲೇ ನನ್ನ ಸಲಹೆ. ಹಲವು ಆಟೋಮ್ಯಾಟಿಕ್‌ಗಳಲ್ಲಿ ಆಯಿಲ್ ಇಂತಿಷ್ಟು ಬಿಸಿ ಇದ್ದಾಗ ಮಾತ್ರ ಮಟ್ಟ ನೋಡಬೇಕು. ಅದಕ್ಕೆ ಸ್ಕ್ಯಾನರ್ ಬೇಕು. ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಮನೆ ಕೆಲಸಕ್ಕೆ ಕೈ ಹಾಕುವ ಮೊದಲು ವಾರಂಟಿ ಪುಸ್ತಕ ಒಮ್ಮೆ ಓದಿಕೊಳ್ಳಿ.

ಯಾವ ಪ್ಲೇಟಿನ ಮೇಲೆ ಏನಿದೆ

ಮೊದಲು ಗಾಡಿ ಕೆಳಗೆ ಟಾರ್ಚ್ ಹಿಡಿದು ಹತ್ತು ನಿಮಿಷ ಮಲಗಿ. 2020ರ ನಂತರದ ಥಾರ್‌ನಲ್ಲಿ ಮುಂದಿನ ಚಕ್ರಗಳಿಗೆ ಇಂಡಿಪೆಂಡೆಂಟ್ ಸಸ್ಪೆನ್ಷನ್ ಇರುವುದರಿಂದ ಮುಂದಿನ ಡಿಫರೆನ್ಷಿಯಲ್ ಚಾಸಿಗೇ ನೇತುಬಿದ್ದಿರುತ್ತದೆ. ಹೊರಗಡೆ ಮಾಡಿಸಿದ ದೊಡ್ಡ ಪ್ಲೇಟ್ ಅದನ್ನೂ ಮುಚ್ಚಿರುತ್ತದೆ. ಜಿಮ್ನಿ, ಜಿಪ್ಸಿಗಳಲ್ಲಿ ಹಾಗಲ್ಲ. ಎರಡರಲ್ಲೂ ಮುಂದೆ ಹಿಂದೆ ಇಡೀ ಆಕ್ಸಲ್ ಒಂದೇ ತುಂಡು, ಹೌಸಿಂಗ್ ಚಕ್ರದ ಜೊತೆಗೇ ಮೇಲೆ ಕೆಳಗೆ ಆಡುತ್ತದೆ, ಪ್ಲೇಟಿಗೆ ಸಿಗುವುದಿಲ್ಲ. ಅದಕ್ಕೆ ಬೇರೆ ಚಿಕ್ಕ ಗಾರ್ಡ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಜಿಪ್ಸಿಯಲ್ಲಿ ಇನ್ನೊಂದು ವಿಶೇಷ: ಟ್ರಾನ್ಸ್‌ಫರ್ ಕೇಸ್ ಗಿಯರ್ ಬಾಕ್ಸಿಗೆ ಅಂಟಿಕೊಂಡಿಲ್ಲ, ನಡುವೆ ಒಂದು ಗಿಡ್ಡ ಶಾಫ್ಟ್ ಇದೆ. ಗಿಯರ್ ಬಾಕ್ಸಿಗೂ ಅದಕ್ಕೂ ಆಯಿಲ್ ಬೇರೆ ಬೇರೆ. ಎರಡನ್ನೂ ಒಂದೇ ಅಂದುಕೊಂಡು ಒಂದನ್ನು ಮಾತ್ರ ಬದಲಿಸುವವರು ಇದ್ದಾರೆ.

ಪ್ರತಿ ಬೋಲ್ಟಿನ ಫೋಟೋ ತೆಗೆದುಕೊಳ್ಳಿ. ಮುಂದಿನ ಬೋಲ್ಟು ಉದ್ದ, ಹಿಂದಿನದು ಗಿಡ್ಡ, ನಡುವೆ ಎಲ್ಲೋ ಒಂದು ಬುಶ್, ಒಂದು ರಬ್ಬರ್ ವಾಶರ್. ಇದು ಸಾಮಾನ್ಯ. ಗಿಡ್ಡ ಬೋಲ್ಟ್ ಇರಬೇಕಾದ ಕಡೆ ಉದ್ದದ್ದು ಹಾಕಿದರೆ ಅದು ಒಳಗೆ ಹೋಗಿ ಯಾವುದಾದರೂ ಪೈಪಿಗೋ ಕೇಸಿಂಗಿಗೋ ತಾಗಬಹುದು.

ಹಿಂದಿನ ದಿನದ ಕೆಲಸ

ಗಾಡಿಯನ್ನು ವಾಟರ್ ಸರ್ವಿಸ್‌ಗೆ ಕೊಟ್ಟು ಕೆಳಗಡೆ ಚೆನ್ನಾಗಿ ಹೊಡೆಸಿ. ಪ್ಲೇಟಿನ ಮೇಲ್ಭಾಗಕ್ಕೂ ನೀರು ಹೋಗಬೇಕು, ಪಕ್ಕದಿಂದ ಗನ್ ಇಟ್ಟು ಹೊಡೆಯಲು ಹೇಳಿ. ಅಲ್ಲಿ ಕೂತಿರುವ ಕೆಂಪು ಮಣ್ಣು ಒಣಗಿದರೆ ಇಟ್ಟಿಗೆಯೇ. ಜೊತೆಗೆ ಎಲೆ, ಹುಲ್ಲು, ಕಡ್ಡಿ. ಒಣ ಹುಲ್ಲು ಸೈಲೆನ್ಸರ್ ಪೈಪಿಗೆ ತಾಗಿದರೆ ಬೆಂಕಿ ಹತ್ತಬಹುದು. ಹಾಗಾಗಿ ಇದು ಬರೀ ಅಂದಕ್ಕೆ ಮಾಡುವ ಕೆಲಸ ಅಲ್ಲ.

ಮನೆಗೆ ಬಂದ ಮೇಲೆ ಎಲ್ಲಾ ಬೋಲ್ಟುಗಳಿಗೂ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿ ಹಾಗೇ ಬಿಡಿ. ಚಾಸಿ ಒಳಗೆ ಬೆಸುಗೆ ಹಾಕಿದ ನಟ್ ಇದ್ದರೆ ಹುಷಾರು. ಬೋಲ್ಟ್ ಹಿಡಿದುಕೊಂಡಿದೆ ಅಂತ ಉದ್ದದ ಪೈಪ್ ಹಾಕಿ ಎಳೆದರೆ ಬೆಸುಗೆ ಬಿಟ್ಟು ನಟ್ ಒಳಗೇ ಸುತ್ತತೊಡಗುತ್ತದೆ. ಆಮೇಲೆ ಚಾಸಿ ಕೊಯ್ಯಬೇಕಾಗುತ್ತದೆ. ಸ್ವಲ್ಪ ಬಿಚ್ಚಿ, ಮತ್ತೆ ಸ್ವಲ್ಪ ಬಿಗಿ ಮಾಡಿ, ಸ್ಪ್ರೇ ಹೊಡೆದು, ಮತ್ತೆ ಬಿಚ್ಚಿ. ಹೀಗೆ ಹಿಂದೆ ಮುಂದೆ ಆಡಿಸುತ್ತಾ ತೆಗೆಯಬೇಕು. ಕಲ್ಲಿಗೆ ಉಜ್ಜಿ ತಲೆ ಸವೆದು ಹೋದ ಬೋಲ್ಟಿಗೆ ರಿಂಗ್ ಸ್ಪ್ಯಾನರ್ ಕೂರುವುದಿಲ್ಲ. ಆರು ಮೂಲೆಯ ಸಾಕೆಟ್ ಅನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸಿದರೆ ಬಹಳ ಸಲ ಬರುತ್ತದೆ. ಬಂದ ಮೇಲೆ ಆ ಬೋಲ್ಟನ್ನು ಮತ್ತೆ ಹಾಕಬೇಡಿ. 8.8 ಗ್ರೇಡಿನ ಹೊಸದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಒಂದು ಸೆಟ್ ಮೊದಲೇ ತಂದಿಟ್ಟುಕೊಳ್ಳಿ.

ಆಯಿಲ್ ತರುವಾಗ ಗಾಡಿಯ ಮ್ಯಾನುಯಲ್ ಪುಸ್ತಕದ ಕೊನೆಯ ಪುಟಗಳನ್ನು ನೋಡಿಯೇ ತನ್ನಿ. ಅಂಗಡಿಯವರು "ಎಲ್ಲಾ ಗಿಯರ್ ಆಯಿಲ್ಲೂ ಒಂದೇ ಸಾರ್" ಅಂದರೆ ನಂಬಬೇಡಿ. ಡಬ್ಬದ ಮೇಲೆ ಜಿಎಲ್-4, ಜಿಎಲ್-5 ಅಂತ ಇರುತ್ತದೆ. ಡಿಫರೆನ್ಷಿಯಲ್ ಒಳಗೆ ಕ್ರೌನ್ ಮತ್ತು ಪಿನಿಯನ್ ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ ತಿರುಗುತ್ತವೆ, ಅಲ್ಲಿ ಒತ್ತಡ ಜಾಸ್ತಿ. ಅದಕ್ಕೆ ಜಿಎಲ್-5 ಬೇಕು. ಗಿಯರ್ ಬಾಕ್ಸಿನಲ್ಲಿ ಗಿಯರ್ ಸದ್ದಿಲ್ಲದೆ ಬೀಳುವಂತೆ ಮಾಡುವ ಹಿತ್ತಾಳೆಯ ಸಿಂಕ್ರೊ ರಿಂಗುಗಳಿರುತ್ತವೆ. ಜಿಎಲ್-5ರಲ್ಲಿ ಜಾಸ್ತಿ ಇರುವ ಗಂಧಕದ ಅಂಶ ಹಿತ್ತಾಳೆಗೆ ಒಗ್ಗದೆ ಇರಬಹುದು. ಅಲ್ಲದೆ ಆಯಿಲ್ ತೀರಾ ಜಾರಿದರೆ ಸಿಂಕ್ರೊ ಹಿಡಿಯದೆ ಗಿಯರ್ ಕರಕರ ಅನ್ನುತ್ತದೆ. ಪುಸ್ತಕ ಜಿಎಲ್-4 ಅಂದರೆ ಜಿಎಲ್-4, ಅಷ್ಟೇ. ಹಿಂದಿನ ಡಿಫರೆನ್ಷಿಯಲ್‌ನಲ್ಲಿ ಲಾಕರ್ (ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಹಿಡಿಯುವ ವ್ಯವಸ್ಥೆ) ಇರುವ ಥಾರ್ ಆದರೆ ಪುಸ್ತಕದಲ್ಲಿ ಹೇಳಿದ ಆಯಿಲ್ ಬಿಟ್ಟು ಅದರ ಜೊತೆ ಯಾವ ಶೀಶೆಯ ಔಷಧಿಯನ್ನೂ ಬೆರೆಸಬೇಡಿ. ಬಿಎಸ್-6 ಡೀಸೆಲ್ ಗಾಡಿಗಳ ಹೊಗೆ ಫಿಲ್ಟರ್‌ಗೆ ಕಡಿಮೆ ಬೂದಿಯ ಇಂಜಿನ್ ಆಯಿಲ್ಲೇ ಆಗಬೇಕು. ಟ್ರ್ಯಾಕ್ಟರಿಗೆ ತಂದ ಡಬ್ಬದಲ್ಲಿ ಉಳಿದಿದ್ದನ್ನು ಸುರಿಯುವ ಹಾಗಿಲ್ಲ.

ಜೊತೆಗೆ ಡ್ರೈನ್ ಪ್ಲಗ್‌ಗಳಿಗೆ ಹೊಸ ವಾಶರ್, ಆಯಿಲ್ ಫಿಲ್ಟರ್, ಬನಿಯನ್ ವೇಸ್ಟ್, ಎರಡು ಅಗಲದ ಬೇಸಿನ್, ಕೈಯಲ್ಲಿ ಒತ್ತುವ ಆಯಿಲ್ ಪಂಪ್. ಈ ಪಂಪ್ ಇಲ್ಲದೆ ಗಿಯರ್ ಆಯಿಲ್ ತುಂಬುವುದು ಕಷ್ಟ. ಫಿಲ್ಲರ್ ತೂತು ಪಕ್ಕದಲ್ಲಿರುತ್ತದೆ, ಡಬ್ಬ ಬಗ್ಗಿಸಲು ಜಾಗ ಇರಲ್ಲ.

ಪ್ಲೇಟ್ ಇಳಿಸುವುದು

ಸಮತಟ್ಟಾದ ಜಾಗ ಬೇಕು. ಕಾಂಕ್ರೀಟ್ ಅಂಗಳ ಇದ್ದರೆ ಬಹಳ ಒಳ್ಳೆಯದು. ಥಾರ್‌ಗೆ 226, ಜಿಮ್ನಿಗೆ 210 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್ ಇದೆ. ತೆಳ್ಳಗಿರುವವರು ಗಾಡಿ ಎತ್ತದೆಯೇ ಕೆಳಗೆ ನುಸುಳಬಹುದು. ಎತ್ತಲೇಬೇಕಾದರೆ ನಾಲ್ಕೂ ಚಕ್ರ ಒಂದೇ ಮಟ್ಟಕ್ಕೆ ಏಳಬೇಕು, ಯಾಕಂದ್ರೆ ಗಿಯರ್ ಆಯಿಲ್ ಮಟ್ಟ ನೋಡುವುದು ಗಾಡಿ ಸಮತಟ್ಟಾಗಿದ್ದಾಗ ಮಾತ್ರ. ಬರೀ ಜಾಕ್ ನಂಬಿ ಕೆಳಗೆ ಹೋಗಲೇಬೇಡಿ. ಚಾಸಿಗೆ ಸ್ಟ್ಯಾಂಡ್ ಕೊಡಿ, ಚಕ್ರಕ್ಕೆ ಅಡ್ಡ ಕೊಡಿ. ಸಿಮೆಂಟ್ ಇಟ್ಟಿಗೆ ಜೋಡಿಸಿ ಅದರ ಮೇಲೆ ಗಾಡಿ ನಿಲ್ಲಿಸುವುದು ಬೇಡ, ಭಾರಕ್ಕೆ ಇದ್ದಕ್ಕಿದ್ದಂತೆ ಒಡೆಯುತ್ತದೆ. ಸ್ಕಿಡ್ ಪ್ಲೇಟಿಗೇ ಜಾಕ್ ಕೊಟ್ಟು ಗಾಡಿ ಎತ್ತುವುದೂ ಬೇಡ. ಕಲ್ಲಿನ ಏಟು ತಡೆಯಲು ಹಾಕಿದ ತಗಡು ಇಡೀ ಗಾಡಿಯ ಭಾರ ಹೊರಲು ಮಾಡಿದ್ದಲ್ಲ.

ಪ್ಲೇಟಿನ ತೂಕವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 4 ಮಿಲಿಮೀಟರ್ ದಪ್ಪದ ಕಬ್ಬಿಣದ ತಗಡು ಚದರ ಮೀಟರ್‌ಗೆ 31 ಕೆಜಿಗೂ ಜಾಸ್ತಿ ತೂಗುತ್ತದೆ. ಎರಡು ಅಡಿ ಅಗಲ, ಮೂರು ಅಡಿ ಉದ್ದದ ಪ್ಲೇಟ್ ಅಂದರೆ ಸುಮಾರು 17 ಕೆಜಿ. ಅಷ್ಟೇ ದೊಡ್ಡ 6 ಮಿಲಿಮೀಟರ್ ಅಲ್ಯೂಮಿನಿಯಂ ಪ್ಲೇಟ್ 9 ಕೆಜಿ ಆಸುಪಾಸು. ಮೇಲೆ ಕೂತಿರುವ ಮಣ್ಣಿನ ಲೆಕ್ಕ ಬೇರೆ. ಅದು ಎದೆಯ ಮೇಲೆ ಬಿದ್ದರೆ?

ಹಾಗಾಗಿ ಪ್ಲೇಟಿನ ನಡುವೆ ಟ್ರಾಲಿ ಜಾಕ್ ಅಥವಾ ಮರದ ತುಂಡು ಕೊಟ್ಟು ಆನಿಸಿ, ಆಮೇಲೆ ಬೋಲ್ಟ್ ಬಿಚ್ಚಿ. ಮೊದಲು ಎಲ್ಲಾ ಬೋಲ್ಟನ್ನೂ ಒಂದೊಂದು ಸುತ್ತು ಸಡಿಲ ಮಾಡಿ, ಆಮೇಲೆ ಪಕ್ಕದವು, ಆಮೇಲೆ ಒಂದು ತುದಿಯವು. ಇನ್ನೊಂದು ತುದಿಯ ಎರಡು ಬೋಲ್ಟ್ ಕೊನೆಯವರೆಗೆ ಅರ್ಧ ಹಿಡಿದಿರಲಿ. ಪ್ಲೇಟ್ ಒಂದು ಕಡೆಯಿಂದ ಬಾಗಿಲಿನಂತೆ ಇಳಿಯುತ್ತದೆ, ಮಣ್ಣೆಲ್ಲ ಜಾರಿ ನೆಲಕ್ಕೆ ಬರುತ್ತದೆ. ನೀವು ಅದರ ಕೆಳಗಲ್ಲ, ಪಕ್ಕದಲ್ಲಿ ಇರಬೇಕು. ಕಣ್ಣಿಗೆ ಕನ್ನಡಕ ಇರಲಿ. ಇಷ್ಟಕ್ಕೆ ಇನ್ನೊಬ್ಬರ ಸಹಾಯ ಇದ್ದರೆ ವಾಸಿ.

ಇಳಿಸಿದ ಪ್ಲೇಟನ್ನು ತೊಳೆಯುವ ಮೊದಲು ಅದರ ಮೇಲ್ಭಾಗ ನೋಡಿ. ಆಯಿಲ್ ಸೋರಿದರೆ ಸಾಮಾನ್ಯ ಗಾಡಿಯಲ್ಲಿ ಅಂಗಳದಲ್ಲಿ ಕಲೆ ಕಾಣುತ್ತದೆ. ಪ್ಲೇಟ್ ಇರುವ ಗಾಡಿಯಲ್ಲಿ ಆ ಆಯಿಲ್ಲನ್ನು ಮಣ್ಣು ಹೀರಿಕೊಂಡು ಅಲ್ಲೇ ಕೂರುತ್ತದೆ, ನಮಗೆ ಸುಳಿವೇ ಸಿಗಲ್ಲ. ಮಣ್ಣು ಎಲ್ಲಿ ಕಪ್ಪಗೆ ಅಂಟಂಟಾಗಿದೆಯೋ ಅದರ ನೇರ ಮೇಲೆ ಟಾರ್ಚ್ ಹಾಕಿ. ಕ್ರ್ಯಾಂಕ್ ಸೀಲೋ, ಚೇಂಬರ್ ಪ್ಯಾಕಿಂಗೋ, ಫಿಲ್ಟರೋ ಗೊತ್ತಾಗುತ್ತದೆ. ಗಾಡಿ ಓಡುವಾಗ ಗಾಳಿಗೆ ಆಯಿಲ್ ಹಿಂದಕ್ಕೆ ಹರಿಯುತ್ತದೆ ಅನ್ನುವುದು ನೆನಪಿರಲಿ, ಮೂಲ ಸ್ವಲ್ಪ ಮುಂದೆಯೇ ಇರಬಹುದು. ಪ್ಲೇಟ್ ಒಳಕ್ಕೆ ಬಗ್ಗಿ ಚೇಂಬರಿಗೆ ತಾಗಿದ ಹೊಳೆಯುವ ಗುರುತು ಇದ್ದರೆ ಅದನ್ನು ಬಡಿದು ನೇರ ಮಾಡಿಸದೆ ಮತ್ತೆ ಹಾಕಬೇಡಿ.

ಇಂಜಿನ್ ಆಯಿಲ್

ಇದು ಎಲ್ಲರಿಗೂ ಗೊತ್ತಿರುವ ಕೆಲಸ, ಬೇಗ ಮುಗಿಸೋಣ. ಇಂಜಿನ್ ಐದಾರು ನಿಮಿಷ ಓಡಿಸಿ ಆರಿಸಿ. ಬೆಚ್ಚಗಿರಬೇಕು, ಕೈ ಸುಡುವಷ್ಟಲ್ಲ. ಮೇಲಿನ ಮುಚ್ಚಳ ತೆಗೆದು ಕೆಳಗಿನ ಪ್ಲಗ್ ಬಿಚ್ಚಿ. ಸಂಪೂರ್ಣ ಇಳಿಯಲು ಕಾಲು ಗಂಟೆ ಕೊಡಿ. ಫಿಲ್ಟರ್ ತೆಗೆದಾಗ ಹಳೆಯ ರಬ್ಬರ್ ಇಂಜಿನ್ನಿಗೇ ಅಂಟಿಕೊಂಡು ಉಳಿದಿಲ್ಲ ತಾನೇ ಅಂತ ಬೆರಳಾಡಿಸಿ ನೋಡಿ. ಎರಡು ರಬ್ಬರ್ ಮೇಲೆ ಕೂತ ಫಿಲ್ಟರ್ ದಾರಿಯಲ್ಲಿ ಆಯಿಲ್ಲನ್ನೆಲ್ಲ ಹೊರಗೆ ಸುರಿದುಬಿಡುತ್ತದೆ. ಪ್ಲೇಟ್ ಇರುವ ಗಾಡಿಯಲ್ಲಿ ಅದು ಬೇಗ ಕಾಣುವುದೂ ಇಲ್ಲ. ಹೊಸ ಫಿಲ್ಟರಿನ ರಬ್ಬರಿಗೆ ಹೊಸ ಆಯಿಲ್ ಸವರಿ, ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು. ಕೆಳಗಿನ ಪ್ಲಗ್ ಹೊಸ ವಾಶರ್ ಜೊತೆ ಮುಚ್ಚಿ, ಮೇಲಿಂದ ಹೊಸ ಆಯಿಲ್ ತುಂಬಿ.

ವರ್ಷದ ನಡುವೆ ಪ್ಲೇಟ್ ಬಿಚ್ಚದೆ ಬರೀ ಇಂಜಿನ್ ಆಯಿಲ್ ಬದಲಿಸುವಾಗ ಇರುವ ತಾಪತ್ರಯ ಒಂದೇ. ತೂತಿನಿಂದ ಬರಬೇಕಾದ ಆಯಿಲ್ ಮೊದಲು ದಪ್ಪಗೆ ಓರೆಯಾಗಿ ಹಾರುತ್ತದೆ, ಕೊನೆಗೆ ತೊಟ್ಟಿಕ್ಕುತ್ತದೆ, ಎರಡು ಹೊತ್ತಿನಲ್ಲೂ ಪ್ಲೇಟಿನ ಮೇಲೇ ಬೀಳುತ್ತದೆ. ಅಡಿಕೆ ಹಾಳೆ ಸಿಗುವ ಊರಾದರೆ ಇದಕ್ಕೆ ಖರ್ಚೇ ಇಲ್ಲ. ಹಾಳೆಯ ಒಂದು ಪಟ್ಟಿ ಕೊಯ್ದು ನೀರಲ್ಲಿ ನೆನೆಸಿ, ಉದ್ದಕ್ಕೆ ಮಡಚಿ, ಪ್ಲಗ್ಗಿನ ಕೆಳಗಿಂದ ತೂತಿನ ಹೊರಗೆ ಬರುವ ಹಾಗೆ ತೂರಿಸಿ. ಆಯಿಲ್ ಅದರ ಮೇಲೆ ಜಾರಿ ನೇರ ಬೇಸಿನ್ನಿಗೆ ಬರುತ್ತದೆ. ಬಯಲುಸೀಮೆಯವರು ಹಳೆ ಆಯಿಲ್ ಡಬ್ಬ ಸೀಳಿ ಅದೇ ಕೆಲಸ ಮಾಡಿಕೊಳ್ಳಬಹುದು. ಫಿಲ್ಟರಿನ ಕೆಳಗೂ ಇದೇ ಉಪಾಯ.

ಗಿಯರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಡಿಫರೆನ್ಷಿಯಲ್

ಮೂರಕ್ಕೂ ಒಂದೇ ನಿಯಮ: ತುಂಬುವ ಪ್ಲಗ್ ಮೊದಲು ಬಿಚ್ಚಿ, ಇಳಿಸುವ ಪ್ಲಗ್ ಆಮೇಲೆ. ಕೆಳಗಿಂದ ಆಯಿಲ್ಲೆಲ್ಲ ಇಳಿಸಿದ ಮೇಲೆ ಮೇಲಿನ ಪ್ಲಗ್ ಬರಲೇ ಇಲ್ಲ ಅಂದರೆ ಗಾಡಿಯನ್ನು ಗ್ಯಾರೇಜಿಗೂ ಓಡಿಸಿಕೊಂಡು ಹೋಗುವ ಹಾಗಿಲ್ಲ, ಅಲ್ವಾ?

ಗಾಡಿಯನ್ನು ಏಳೆಂಟು ಕಿಲೋಮೀಟರ್ ಓಡಿಸಿ ತಂದು ಈ ಕೆಲಸ ಮಾಡಿದರೆ ಗಿಯರ್ ಆಯಿಲ್ ತೆಳ್ಳಗಾಗಿ ಬೇಗ ಇಳಿಯುತ್ತದೆ. ಪ್ಲಗ್ ಬಿಚ್ಚುವ ಮೊದಲು ಅದರ ಸುತ್ತಲಿನ ಮಣ್ಣನ್ನು ಬ್ರಶ್ಶಿನಿಂದ ತೆಗೆದು ಒರೆಸಿ. ಒಂದು ಚಿಟಿಕೆ ಮರಳು ಒಳಗೆ ಬಿದ್ದರೆ ಇಷ್ಟೆಲ್ಲ ಮಾಡಿದ್ದು ದಂಡ. ಪ್ಲಗ್ ಕೆಲವು ಕಡೆ ಹೊರಗೆ ಆರು ಮೂಲೆ, ಕೆಲವು ಕಡೆ ಒಳಗೆ ಚೌಕ. ಚೌಕಕ್ಕೆ ಸಾಕೆಟ್ ಹಿಡಿ ನೇರ ಕೂತರೆ ಸರಿ. ಸಡಿಲ ಇದ್ದರೆ ಸರಿಯಾದ ಅಳತೆಯ ಬಿಟ್ ತನ್ನಿ, ಮೂಲೆ ಸವೆಸಬೇಡಿ.

ಈಗ ಮುಖ್ಯ ವಿಷಯ. ಇಳಿದ ಆಯಿಲ್ಲನ್ನು ಸುಮ್ನೆ ಡಬ್ಬಕ್ಕೆ ಸುರಿಯಬೇಡಿ, ನೋಡಿ. ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ. ಹೋಗುವ ದಾರಿ ಹೀಗೆ: ಕೊಡಚಾದ್ರಿಯಂಥ ಏರು ಹತ್ತಿ ಇಳಿದ ಗಾಡಿಯ ಹೌಸಿಂಗ್ ಬಿಸಿಯಾಗಿರುತ್ತದೆ. ಅದೇ ಬಿಸಿಯಲ್ಲಿ ತಣ್ಣನೆಯ ಹಳ್ಳಕ್ಕೆ ಇಳಿಸಿದರೆ ಒಳಗಿನ ಗಾಳಿ ಒಮ್ಮೆಲೇ ಕುಗ್ಗುತ್ತದೆ. ಕುಗ್ಗಿದ ಗಾಳಿ ಹೊರಗಿಂದ ಏನನ್ನಾದರೂ ಎಳೆದುಕೊಳ್ಳಬೇಕು. ಉಸಿರಾಡುವ ತೂತು, ಅಂದರೆ ಬ್ರೀದರ್, ನೀರೊಳಗಿದ್ದರೆ ನೀರನ್ನೇ ಎಳೆಯುತ್ತದೆ. ಬ್ರೀದರ್ ಮಣ್ಣಿನಿಂದ ಕಟ್ಟಿಕೊಂಡಿದ್ದರೆ ಆಯಿಲ್ ಸೀಲಿನ ಸಂದಿಯಿಂದ ಎಳೆಯುತ್ತದೆ. ಹಾಗಾಗಿ ಇದೇ ದಿನ ಆಕ್ಸಲ್ ಮೇಲಿನ ಬ್ರೀದರ್ ಬಿಚ್ಚಿ ತೊಳೆದು, ಊದಿ ನೋಡಿ. ಹಳ್ಳ ದಾಟುವುದು ಜಾಸ್ತಿ ಇದ್ದರೆ ಅದಕ್ಕೊಂದು ರಬ್ಬರ್ ಪೈಪ್ ಹಾಕಿ ಬಾನೆಟ್ ಒಳಗೆ ಎತ್ತರಕ್ಕೆ ಕಟ್ಟಿಬಿಡಿ. ಕಡಿಮೆ ಖರ್ಚಿನಲ್ಲಿ ಇಷ್ಟು ಉಪಯೋಗ ಕೊಡುವ ಮಾಡಿಫಿಕೇಶನ್ ಇನ್ನೊಂದಿಲ್ಲ. ಜನ ಇದನ್ನು ಬಿಟ್ಟು ಲೈಟ್ ಬಾರ್ ಹಾಕಿಸುತ್ತಾರೆ.

ನೀರು ಬೆರೆತ ಆಯಿಲ್ ಸಿಕ್ಕಿದರೆ ಹೊಸ ಆಯಿಲ್ ಹಾಕಿ, ನೂರಿನ್ನೂರು ಕಿಲೋಮೀಟರ್ ಓಡಿಸಿ, ಮತ್ತೊಮ್ಮೆ ಬದಲಿಸಿ. ಒಂದೇ ಸಲಕ್ಕೆ ನೀರೆಲ್ಲ ಬರಲ್ಲ. ಎರಡನೇ ಸಲವೂ ಅದೇ ಬಣ್ಣ ಇದ್ದರೆ ಸೀಲ್ ಹೋಗಿದೆ ಅಂತ ಅರ್ಥ.

ಆಮೇಲೆ ಪ್ಲಗ್ಗಿನ ತುದಿ. ಬಹಳಷ್ಟು ಡ್ರೈನ್ ಪ್ಲಗ್‌ಗಳ ತುದಿಯಲ್ಲಿ ಅಯಸ್ಕಾಂತ ಇರುತ್ತದೆ. ಅದರ ಮೇಲೆ ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಕೂತಿದ್ದರೆ ಗಾಬರಿ ಬೇಡ, ಹಲ್ಲುಗಳು ಸವೆಯುವಾಗ ಬರುವಂಥದ್ದೇ. ಎರಡು ಬೆರಳ ನಡುವೆ ಉಜ್ಜಿ ನೋಡಿ. ನುಣ್ಣಗಿರದೆ ಚುಚ್ಚಿದರೆ, ಬೆಳಕಿಗೆ ಹಿಡಿದಾಗ ಚೂರುಗಳು ಹೊಳೆದರೆ, ಅವನ್ನು ಕಾಗದದಲ್ಲಿ ಕಟ್ಟಿಟ್ಟು ಒಳ್ಳೆ ಮೆಕ್ಯಾನಿಕ್‌ಗೆ ತೋರಿಸಿ. ಗಿಯರ್ ಬಾಕ್ಸ್ ಆಯಿಲ್‌ನಲ್ಲಿ ಹಿತ್ತಾಳೆಯ ಹೊಳಪು ಕಂಡರೆ ಅದು ಸಿಂಕ್ರೊ. ಅದು ಅಯಸ್ಕಾಂತಕ್ಕೆ ಅಂಟಲ್ಲ, ಆಯಿಲ್ಲನ್ನೇ ಬಿಸಿಲಿಗೆ ಹಿಡಿದು ನೋಡಬೇಕು.

ಪ್ಲಗ್ ಒರೆಸಿ, ಹೊಸ ವಾಶರ್ ಹಾಕಿ, ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿ ಮಾಡಿ. ಕೇಸಿಂಗ್ ಅಲ್ಯೂಮಿನಿಯಂ ಆದರೆ ಜಾಸ್ತಿ ಬಲ ಹಾಕಿದಾಗ ತ್ರೆಡ್ ಕಿತ್ತುಬರುತ್ತದೆ. ತುಂಬುವಾಗ ಪಂಪ್ ಒತ್ತುತ್ತಾ ಹೋಗಿ. ಸಾಧಾರಣವಾಗಿ ಫಿಲ್ಲರ್ ತೂತಿನ ಅಂಚಿನಿಂದ ಆಯಿಲ್ ತಾನಾಗಿ ಹೊರಗೆ ಜಿನುಗಿದರೆ ಭರ್ತಿ ಅಂತ ಅರ್ಥ. ಜಿನುಗುವುದು ನಿಂತ ಮೇಲೆ ಮುಚ್ಚಿ. ಈ ಗಾತ್ರದ ಗಾಡಿಗಳಲ್ಲಿ ಡಿಫರೆನ್ಷಿಯಲ್ ಒಂದಕ್ಕೆ ಒಂದರಿಂದ ಎರಡು ಲೀಟರ್ ಹಿಡಿಯುತ್ತದೆ. ಇಳಿದಿದ್ದು ತೀರಾ ಕಡಿಮೆ ಇದ್ದರೆ ಎಲ್ಲೋ ಸೋರಿದೆ, ತುಂಬಿ ಸುಮ್ಮನಾಗಬೇಡಿ.

ಮುಗಿದ ಮೇಲೆ ಪ್ಲಗ್ಗಿಗೂ ಕೇಸಿಂಗಿಗೂ ಸೇರಿಸಿ ಬಣ್ಣದ ಒಂದು ಗೆರೆ ಎಳೆಯಿರಿ. ಪ್ಲಗ್ ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ. ಇನ್ನೊಂದು ಉಪಯೋಗವೂ ಇದೆ. ಒಂದು ವರ್ಷ ಹೊರಗಡೆ ಸರ್ವಿಸ್‌ಗೆ ಕೊಟ್ಟಿದ್ದೆ. ಬಿಲ್ಲಿನಲ್ಲಿ ಡಿಫರೆನ್ಷಿಯಲ್ ಆಯಿಲ್ ಹಣ ಇತ್ತು, ಗೆರೆ ಮಾತ್ರ ಕೂದಲೆಳೆಯಷ್ಟೂ ಅಲುಗಾಡಿರಲಿಲ್ಲ. ಫೋಟೋ ತೋರಿಸಿದ ಮೇಲೆ ಹಣ ವಾಪಸ್ ಬಂತು.

ಕೂಲೆಂಟ್ ಮತ್ತು ಬ್ರೇಕ್ ಆಯಿಲ್

ಕೂಲೆಂಟ್ ಪ್ರತಿ ವರ್ಷ ಬದಲಿಸಬೇಕಿಲ್ಲ, ಪುಸ್ತಕದ ಲೆಕ್ಕ ನೋಡಿ. ಬದಲಿಸುವ ವರ್ಷ ಬಂದರೆ ಇದೇ ದಿನ ಮಾಡಿ, ರೇಡಿಯೇಟರಿನ ಕೆಳಗಿನ ಪ್ಲಗ್ ಸಾಮಾನ್ಯವಾಗಿ ಮುಂದಿನ ಪ್ಲೇಟಿನ ಹಿಂದೆ ಅಡಗಿರುತ್ತದೆ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಮುಚ್ಚಳ ತೆಗೆಯಿರಿ. ಬೋರ್‌ವೆಲ್ ನೀರು ಬೆರೆಸಬೇಡಿ, ಅದರ ಸುಣ್ಣ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಕಟ್ಟುತ್ತದೆ. ಡಿಸ್ಟಿಲ್ಡ್ ನೀರು, ಇಲ್ಲವೇ ಮೊದಲೇ ಬೆರೆಸಿ ಬರುವ ಕೂಲೆಂಟ್ ಹಾಕಿ. ಇಳಿಸಿದ ಕೂಲೆಂಟಿನ ಬೇಸಿನ್ ಅಂಗಳದಲ್ಲಿ ಬಿಡಬೇಡಿ. ಅದು ರುಚಿಗೆ ಸಿಹಿ, ನಾಯಿ ನೆಕ್ಕುತ್ತದೆ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಮೂತ್ರಪಿಂಡ ಕೆಡಿಸಿ ಕೊಲ್ಲುತ್ತದೆ.

ಬ್ರೇಕ್ ಆಯಿಲ್‌ಗೂ ಪ್ಲೇಟಿಗೂ ಸಂಬಂಧ ಇಲ್ಲ. ಆದರೆ ಘಾಟಿ ಇಳಿಯುವವರು ಇದನ್ನು ಮರೆಯಬಾರದು. ಇದು ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್-4 (ಬ್ರೇಕ್ ಆಯಿಲ್‌ನ ಒಂದು ದರ್ಜೆ) ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ಮಾನದಂಡ. ತೇವ ಹೀರಿದ ಮೇಲೆ ಅದು 155ರವರೆಗೂ ಇಳಿಯಬಹುದು. ಚಾರ್ಮಾಡಿಯಲ್ಲಿ ಬ್ರೇಕ್ ಮೇಲೇ ಕಾಲಿಟ್ಟು ಇಳಿದರೆ ಆ ಬಿಸಿ ದೂರವಿಲ್ಲ, ಆಯಿಲ್ ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಎಬಿಎಸ್ ಇರುವ ಗಾಡಿಯಾದರೆ ಆ ಒಂದು ಕೆಲಸ ವರ್ಕ್‌ಶಾಪಿನಲ್ಲಿ ಮಾಡಿಸಿ.

ಪ್ಲೇಟ್ ಮತ್ತೆ ಹಾಕುವ ಮೊದಲು

ಅವಸರ ಮಾಡಬೇಡಿ. ಪ್ಲೇಟ್ ಇಲ್ಲದೆಯೇ ಇಂಜಿನ್ ಚಾಲೂ ಮಾಡಿ, ಊರೊಳಗೆ ಒಂದು ಸುತ್ತು ಓಡಿಸಿ ಬಂದು, ಎಲ್ಲಾ ಪ್ಲಗ್ಗನ್ನೂ ಒಣ ಬಟ್ಟೆಯಲ್ಲಿ ಒತ್ತಿ ನೋಡಿ. ಆಮೇಲೆ ಆಯಿಲ್ ಕಡ್ಡಿ ಎಳೆದು ಮಟ್ಟ ನೋಡಿ.

ಚಾಸಿಯ ನಟ್‌ಗಳೊಳಗಿನ ಮಣ್ಣನ್ನು ತಂತಿ ಬ್ರಶ್ಶಿನಿಂದ ತೆಗೆದು, ಬೋಲ್ಟಿಗೆ ಗ್ರೀಸ್ ಅಥವಾ ತಾಮ್ರದ ಆ್ಯಂಟಿ-ಸೀಜ್ (ಬೋಲ್ಟು ಹಿಡಿದುಕೊಳ್ಳದಂತೆ ತಡೆಯುವ ಪೇಸ್ಟ್) ಸವರಿ. ಎಲ್ಲಾ ಬೋಲ್ಟನ್ನೂ ಮೊದಲು ಕೈಯಲ್ಲೇ ನಾಲ್ಕೈದು ಸುತ್ತು ಹಿಡಿಸಿ, ಯಾವುದನ್ನೂ ಬಿಗಿ ಮಾಡಬೇಡಿ. ಒಂದನ್ನು ಮೊದಲೇ ಬಿಗಿ ಮಾಡಿದರೆ ಉಳಿದ ತೂತುಗಳು ಸೇರುವುದಿಲ್ಲ. ಸೇರದ ತೂತಿಗೆ ಚೂಪು ಸರಳು ತೂರಿಸಿ ಎಳೆದು ಸರಿ ಮಾಡಿಕೊಳ್ಳಿ, ಬೋಲ್ಟನ್ನು ಓರೆಯಾಗಿ ತಿರುಗಿಸಿ ಎಳೆಯಬೇಡಿ. 8.8 ಗ್ರೇಡಿನ ಎಂ-8 (8 ಮಿಲಿಮೀಟರ್ ದಪ್ಪದ) ಬೋಲ್ಟಿಗೆ ಸುಮಾರು 25, ಎಂ-10ಕ್ಕೆ ಸುಮಾರು 50 ನ್ಯೂಟನ್ ಮೀಟರ್ ಗರಿಷ್ಠ ಬಿಗಿ. ಗ್ರೀಸ್ ಹಾಕಿದ್ದರೆ ಇನ್ನೂ ಸ್ವಲ್ಪ ಕಡಿಮೆ ಸಾಕು. ಪ್ಲೇಟಿಗೂ ಚೇಂಬರಿಗೂ ನಡುವೆ ಎಲ್ಲಾ ಕಡೆ ಬೆರಳು ಹೋಗುವಷ್ಟು ಜಾಗ ಇರಬೇಕು. ಮೊದಲ ಕಚ್ಚಾ ರಸ್ತೆಯ ಓಡಾಟ ಆದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಹೊಸದಾಗಿ ಕೂತ ಪ್ಲೇಟ್ ಸ್ವಲ್ಪ ಜರುಗುತ್ತದೆ.

ಕಿಲೋಮೀಟರ್, ತಾರೀಖು, ಯಾವ ಆಯಿಲ್, ಎಷ್ಟು ಹಿಡಿಯಿತು ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಯಾವ ಪ್ಲಗ್ಗಿಗೆ ಯಾವ ಸಾಕೆಟ್ ಅನ್ನುವುದನ್ನೂ ಬರೆಯಿರಿ.

ಕೊನೆಗೆ ಉಳಿಯುವುದು ಹಳೆ ಆಯಿಲ್. ಬೇಲಿ ಗೂಟಕ್ಕೆ ಬಳಿಯುವುದು, ಗೆದ್ದಲಿಗೆ ಸುರಿಯುವುದು ನಮ್ಮ ಕಡೆ ಹಳೆ ರೂಢಿ. ತೋಟದ ಮಣ್ಣಿಗೂ ಬಾವಿಗೂ ಅದು ಒಳ್ಳೆಯದಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಹಳೆ ಆಯಿಲ್ಲೂ ಸೇರಿದೆ. ಮುಚ್ಚಳ ಇರುವ ಕ್ಯಾನಿಗೆ ತುಂಬಿ, ಹಳೆ ಆಯಿಲ್ ಡ್ರಮ್ ಇಟ್ಟುಕೊಂಡಿರುವ ದೊಡ್ಡ ಗ್ಯಾರೇಜಿಗೆ ಕೊಡಿ. ಕೂಲೆಂಟನ್ನೂ ಬ್ರೇಕ್ ಆಯಿಲ್ಲನ್ನೂ ಅದಕ್ಕೆ ಬೆರೆಸಬೇಡಿ, ಬೆರೆಸಿದ್ದನ್ನು ಮತ್ತೆ ಶುದ್ಧ ಮಾಡುವುದು ಕಷ್ಟ. ಅವೆರಡಕ್ಕೂ ಬೇರೆ ಬೇರೆ ಡಬ್ಬ ಇಡಿ.